ದೇವರ ಕೋಣೆಯ ನೀರುಳ್ಳಿ

ಮಣೆ ಇತ್ತು. ಮಣೆಯ ಮೇಲಿದ್ದ ಪೆಟ್ಟಿಗೆ ಇರಲಿಲ್ಲ.

ದಾಮೋದರ ರಾಯರು ದೇವರ ಕೋಣೆಯ ಹೊಸ್ತಿಲಲ್ಲೇ ನಿಂತರು. ಬುಧವಾರ, ಸಂಜೆ ನಾಲ್ಕು ಗಂಟೆ. ಮಣಿಪಾಲದ ಈ ಹೊಸ ಫ್ಲ್ಯಾಟಿನಲ್ಲಿ ಮರುದಿನ ಬೆಳಿಗ್ಗೆ ಮಗ ಚಿನ್ಮಯನ ಗೃಹಪ್ರವೇಶ. ಅದಕ್ಕೆಂದೇ ಮನೆದೇವರಾದ ಸಾಲಿಗ್ರಾಮವನ್ನು ಬೀಟೆಮರದ ಪೆಟ್ಟಿಗೆಯ ಸಮೇತ ರಾಯರು ಕಾಪುವಿನ ಮನೆಯಿಂದ ತಂದು ಇಲ್ಲಿಟ್ಟಿದ್ದರು. ಹನ್ನೆರಡೂವರೆಗೆ ಎಲ್ಲರೂ ಮಗನ ಬಾಡಿಗೆ ಮನೆಗೆ ಊಟಕ್ಕೆ ಹೋದರು. ಒಳಗೆ ಉಳಿದವನು ಬಡಗಿ ಸ್ಟ್ಯಾನಿಸ್ಲಾಸ್ ಒಬ್ಬನೇ. ಕಪಾಟಿನ ಬಾಗಿಲಿನ ತಿರುಗಣೆ ಸರಿಮಾಡಿ, ಬೀಗ ಹಾಕಿ ಹೋಗುತ್ತೇನೆ ಎಂದಿದ್ದ.

"ಅಪ್ಪ, ಎಂತ ಆಯ್ತು?" ಹಿಂದಿನಿಂದ ಚಿನ್ಮಯ ಕೇಳಿದ.

"ಪೆಟ್ಟಿಗೆ ಇಲ್ಲ. ಯಾವುದನ್ನೂ ಮುಟ್ಟಬೇಡ."

ರಾಯರು ಮೂವತ್ನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು, ಎ.ಎಸ್.ಐ. ಆಗಿ ನಿವೃತ್ತರಾದವರು. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು. ಕಣ್ಣು ಕೆಲಸ ಶುರು ಮಾಡಿತು.

ಬೆಳ್ಳಿಯ ಹರಿವಾಣ ಅಲ್ಲೇ ಇತ್ತು. ಬೆಳ್ಳಿಯ ದೀಪವೂ ಇತ್ತು. ಕಳ್ಳ ಬೆಳ್ಳಿಯನ್ನು ಬಿಟ್ಟು ಕಲ್ಲನ್ನು ಒಯ್ದಿದ್ದ.

ಮನೆಯೊಳಗೆ ನಿಲ್ಲುವುದೇ ಕಷ್ಟವಾಗಿತ್ತು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹೊಸ ಪೈಂಟು, ಪ್ಲೈವುಡ್ಡಿನ ಅಂಟು, ಆ ಬೆಳಿಗ್ಗೆಯಷ್ಟೇ ದೇವರ ಕೋಣೆಯ ಬಾಗಿಲ ದಾರಂದಕ್ಕೆ ಬಳಿದ ಪಾಲಿಶ್, ಎಲ್ಲ ಸೇರಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಬೆಳಿಗ್ಗೆ ಸೊಸೆ ಅನ್ವಿತಾ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಅವಳಿಗೆ ಆರು ತಿಂಗಳು. "ಎರಡು ದಿನ ಕಿಟಕಿ ತೆರೆದಿಟ್ಟರೆ ಹೋಗ್ತದೆ ಮಗಾ" ಎಂದು ರಾಯರೇ ಸಮಾಧಾನ ಹೇಳಿದ್ದರು.

ಈಗ ಆ ವಾಸನೆಯ ಮೇಲೆ ಇನ್ನೊಂದು ವಾಸನೆ ಸೇರಿತ್ತು. ನೀರುಳ್ಳಿಯದ್ದು. ಹಾಲ್, ಅಡಿಗೆಮನೆ, ಎರಡು ಮಲಗುವ ಕೋಣೆ, ಊಟದ ಕೋಣೆ, ಎಲ್ಲ ಕಡೆ ಒಂದೊಂದು ಸ್ಟೀಲ್ ಬೋಗುಣಿ. ಬೋಗುಣಿಯ ನೀರಿನಲ್ಲಿ ಹೋಳು ಮಾಡಿದ ನೀರುಳ್ಳಿ.

ರಾಯರು ಎಣಿಸಿದರು. ಐದು. ಆರನೆಯದು ಹಿಂದಿನ ಬಾಲ್ಕನಿಯ ತೊಟ್ಟಿಯಲ್ಲಿ ಸಿಕ್ಕಿತು. ತೊಳೆದು, ಬೋರಲು ಹಾಕಿತ್ತು.

ದೇವರ ಕೋಣೆಗೆ ಮರಳಿ ನೆಲ ನೋಡಿದರು. ಮೂಲೆಯಲ್ಲಿ ಗೋಡೆಗೆ ಬಳಿದ ಪುಟ್ಟಿಯ ಬಿಳಿ ಧೂಳು ತೆಳ್ಳಗೆ ಕೂತಿತ್ತು. ಅದರ ನಡುವೆ ಒಂದು ತಟ್ಟೆಯಷ್ಟು ಜಾಗವನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

* * *

ಎಸ್.ಐ. ಪ್ರಖ್ಯಾತ್ ಅರ್ಧ ಗಂಟೆಯಲ್ಲಿ ಬಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾಯರ ಕೈಕೆಳಗೆ ಪಳಗಿದವನು.

"ಕೀ ಎಷ್ಟು ಉಂಟು ಸರ್?"

"ಮೂರು. ಒಂದು ಚಿನ್ಮಯನ ಹತ್ತಿರ, ಒಂದು ಸ್ಟ್ಯಾನಿಯ ಹತ್ತಿರ. ಇನ್ನೊಂದು ಕಾಪುವಿನ ಮನೆಯಲ್ಲಿ ಮೊಳೆಗೆ ನೇತಾಡ್ತಾ ಉಂಟು."

"ಬೀಗ ಒಡೆದಿಲ್ಲ. ಕ್ಯಾಮೆರಾ?"

"ತಂತಿ ಎಳೆದಿದ್ದಾರೆ, ಕ್ಯಾಮೆರಾ ಇನ್ನೂ ಬರಬೇಕು. ವಾಚ್‌ಮನ್ನೂ ಇಲ್ಲ."

"ಹಾಗಾದರೆ ಯೋಚನೆ ಮಾಡ್ಲಿಕ್ಕೆ ಎಂತ ಉಂಟು? ಒಳಗೆ ಇದ್ದದ್ದು ಅವನೊಬ್ಬನೇ ಅಲ್ವಾ?"

"ಬೆಳ್ಳಿ ಬಿಟ್ಟಿದ್ದಾನಲ್ಲ ಮಾರಾಯ."

"ಬೆಳ್ಳಿಯಲ್ಲಿ ನಿಮ್ಮ ಹೆಸರು ಕೆತ್ತಿದೆ. ಮಾರಲಿಕ್ಕೆ ಹೋದರೆ ಸಿಕ್ಕಿಬೀಳ್ತಾನೆ. ಪೆಟ್ಟಿಗೆ ಹಳೇ ಬೀಟೆ. ಮರದ ಬೆಲೆ ಬಡಗಿಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು?"

ಚಿನ್ಮಯ ತಲೆಯಾಡಿಸಿದ. "ಬೆಳಿಗ್ಗೆ ಅದನ್ನು ನೋಡಿ, ಇಂಥ ಬೀಟೆ ಈಗ ಎಲ್ಲಿ ಸಿಗ್ತದೆ ಅಂತ ಹೇಳಿದ್ದ ಅಪ್ಪ."

ರಾಯರು ಬೋಗುಣಿಯ ವಿಷಯ ಹೇಳಿದರು. ಪ್ರಖ್ಯಾತ್ ನಕ್ಕ. "ನೀರುಳ್ಳಿಯನ್ನು ಸಾಕ್ಷಿ ಕಟಕಟೆಗೆ ಹತ್ತಿಸ್ತೀರಾ ಸರ್?"

ಐದೂವರೆಗೆ ರಾಯರ ಹೆಂಡತಿ ಸುಭಾಷಿಣಿ ಬಂದರು. ಮಧ್ಯಾಹ್ನ ಎಲ್ಲರೊಂದಿಗೆ ಊಟಕ್ಕೆ ಹೊರಟವರು, ಮಠಕ್ಕೆ ಹೋಗಿ ಪ್ರಸಾದ ತೆಗೆದುಕೊಂಡು ಬರುತ್ತೇನೆಂದು ದಾರಿಯಲ್ಲೇ ಉಡುಪಿಯಲ್ಲಿ ಇಳಿದಿದ್ದರು. ಬಸ್ಸು ತಡವಾಯಿತು ಎಂದರು. ಸುದ್ದಿ ಕೇಳಿ ಅಳಲಿಲ್ಲ. ಸೊಸೆಯ ತೋಳು ಹಿಡಿದು, "ನೀನು ಮೊದಲು ಇಲ್ಲಿಂದ ಹೊರಗೆ ಬಾ" ಎಂದರು.

"ನಾಳೆ ಪ್ರವೇಶ ಹೇಗೆ ಅಮ್ಮ?" ಎಂದ ಚಿನ್ಮಯ. "ಇದು ಬಿಟ್ಟರೆ ಆಷಾಢ. ಆಮೇಲೆ ಅನ್ವಿತಾಳಿಗೆ ಏಳು ತುಂಬುತ್ತದೆ, ಮಾಡಬಾರದು ಅಂತಾರೆ ಪುರೋಹಿತರು."

"ಮನೆದೇವರಿಲ್ಲದೆ ಎಂಥ ಪ್ರವೇಶ?" ಎಂದರು ಸುಭಾಷಿಣಿ.

ಅಷ್ಟರಲ್ಲಿ ಕೆಳಗೆ ಜೀಪು ಹೊರಟ ಸದ್ದಾಯಿತು. ಸ್ಟ್ಯಾನಿಸ್ಲಾಸನ ಊರಾದ ಕಲ್ಯಾಣಪುರದ ಕಡೆಗೆ.

* * *

ಗುರುವಾರ ಬೆಳಿಗ್ಗೆ ರಾಯರು ಕಲ್ಯಾಣಪುರಕ್ಕೆ ಹೋದರು. ರಾತ್ರಿ ಬಹಳ ಹೊತ್ತು ಠಾಣೆಯಲ್ಲಿ ಕೂರಿಸಿ, ನಾಳೆ ಮತ್ತೆ ಬಾ ಎಂದು ಸ್ಟ್ಯಾನಿಸ್ಲಾಸನನ್ನು ಕಳುಹಿಸಿದ್ದರು. ಜಗಲಿಯಲ್ಲಿ ಅವನ ಹೆಂಡತಿ ರೋಸಿ ನಿಂತಿದ್ದಳು.

"ಇನ್ನೆಂತ ಹುಡುಕಲಿಕ್ಕೆ ಬಂದಿರಿ ರಾಯರೇ? ಹಂಚು ಒಂದು ತೆಗೆದು ನೋಡಲಿಲ್ಲ, ಅಷ್ಟೆ."

"ಸುಮ್ಮನಿರು ರೋಸಿ." ಸ್ಟ್ಯಾನಿಸ್ಲಾಸ್ ಹೊರಗೆ ಬಂದ. ಒಂದೇ ರಾತ್ರಿಯಲ್ಲಿ ಮುಖ ಇಳಿದಿತ್ತು. "ನನಗೆ ಹೊಡೆಯಲಿಲ್ಲ, ಬೈಯಲಿಲ್ಲ, ನಿಮ್ಮ ಕೀ ಮಾತ್ರ ತೆಗೆದಿಟ್ಟುಕೊಂಡರು. ಆದರೆ ಆದಿ ಉಡುಪಿಯ ಮನೆಯವರು ನಿನ್ನೆಯೇ ಫೋನ್ ಮಾಡಿ ಕೀ ವಾಪಸು ಕೇಳಿದರು. ಇವತ್ತು ಬೆಳಿಗ್ಗೆ ಕಟಪಾಡಿಯವರು. ಮೂವತ್ತು ವರ್ಷ ಜನ ನನ್ನ ಕೈಗೆ ಕೀ ಕೊಟ್ಟು ಊರಿಗೆ ಹೋಗ್ತಾ ಇದ್ದರು. ಉಳಿ ಹಿಡಿಯಲಿಕ್ಕೆ ಯಾರಿಗೂ ಬರ್ತದೆ ರಾಯರೇ. ಕೀ ಕೊಡುವುದು ಎಲ್ಲರಿಗೂ ಅಲ್ಲ."

ರಾಯರು ತಲೆ ತಗ್ಗಿಸಿದರು. ಹಾಗೆಯೇ ಕೇಳಿದರು. "ನೀರುಳ್ಳಿ ಇಟ್ಟದ್ದು ನೀನೇ?"

"ಹೌದು. ಸಣ್ಣಮ್ಮ ವಾಂತಿ ಮಾಡಿದ್ದು ನೋಡಿ ಬೇಜಾರಾಯಿತು. ಪೈಂಟಿನ ವಾಸನೆಗೆ ನಮ್ಮಲ್ಲಿ ಹಾಗೇ ಇಡುವುದು. ಆರು ಕೋಣೆ, ಆರು ಬೋಗುಣಿ. ಇಟ್ಟು, ಒಂದೂವರೆಗೆ ಬೀಗ ಹಾಕಿ ಹೊರಟೆ."

"ದೇವರ ಕೋಣೆಯಲ್ಲೂ?"

"ಅಲ್ಲಿಯೂ. ಮೂಲೆಯಲ್ಲಿ. ಪಾಲಿಶ್ ಅಲ್ಲೇ ಹಸಿ ಇದ್ದದ್ದು. ಯಾಕೆ, ಇಡಬಾರದಿತ್ತಾ?"

ಅವನ ಮುಖದಲ್ಲಿ ಇದ್ದದ್ದು ಬರೀ ಪ್ರಶ್ನೆ. ರಾಯರು ಮೆಟ್ಟಿಲಿಳಿದರು.

ದೇವರ ಮುಂದೆ ನೀರುಳ್ಳಿ ಇಡಬಾರದೆಂದು ಈ ಮನುಷ್ಯನಿಗೆ ಗೊತ್ತಿಲ್ಲ. ಪೆಟ್ಟಿಗೆ ಒಯ್ದವರಿಗೆ ಗೊತ್ತಿತ್ತು. ಕದಿಯಲು ಬಂದ ಅವಸರದಲ್ಲಿಯೂ ಅದು ಸಹಿಸದೆ, ಹೋಳು ಚೆಲ್ಲಿ, ಬೋಗುಣಿ ತೊಳೆದು, ಮೈಲಿಗೆಯಾದ ಜಾಗ ಒರೆಸಿದ್ದರು. ಆಮೇಲೆಯೇ ಪೆಟ್ಟಿಗೆಗೆ ಕೈ ಹಾಕಿದ್ದರು.

ಬಸ್ಸಿನಲ್ಲಿ ರಾಯರು ಪುರೋಹಿತರನ್ನು ನೆನೆದರು. ಅವರ ಬಳಿ ಕೀ ಇರಲಿಲ್ಲ. ಚಿನ್ಮಯ ಊಟಕ್ಕೆ ಕೂತವನು ಕಣ್ಣ ಮುಂದೆಯೇ ಇದ್ದ. ಕಾಪು ಬರುವಷ್ಟರಲ್ಲಿ ನೆನೆಯಲು ಹೆಚ್ಚು ಹೆಸರು ಉಳಿದಿರಲಿಲ್ಲ.

* * *

ಮೊಳೆಯಲ್ಲಿ ಕೀ ಇತ್ತು. ಯಾವತ್ತೂ ಬಲಕ್ಕೆ ಇರುವ ಅದರ ದಾರದ ಗಂಟು ಇವತ್ತು ಎಡಕ್ಕಿತ್ತು. ಅದು ಏನನ್ನೂ ಹೇಳುವುದಿಲ್ಲ ಎಂದು ರಾಯರು ತಮಗೆ ತಾವೇ ಹೇಳಿಕೊಂಡರು.

ಒಳಜಗಲಿಯ ಗಳದ ಮೇಲೆ ಬಟ್ಟೆ ಒಣಗುತ್ತಿತ್ತು. ಸುಭಾಷಿಣಿ ಹಿಂದಿನ ದಿನ ಮಠಕ್ಕೆಂದು ಉಟ್ಟ ಹಸಿರು ಸೀರೆಯೂ ಇತ್ತು. ತೊಳೆದಾಗಿತ್ತು. ರಾಯರು ಸೆರಗನ್ನು ಮೂಗಿನ ಹತ್ತಿರ ತಂದರು. ಸಾಬೂನಿನ ಕೆಳಗೆ ಇನ್ನೊಂದು ವಾಸನೆ ಅಡಗಿತ್ತು. ಬೆರಳಾಡಿಸಿದರು. ಅಂಚಿನಲ್ಲಿ ಒಂದು ಕಡೆ ಬಟ್ಟೆ ಸೆಟೆದು ಕಂದಾಗಿತ್ತು. ಪಾಲಿಶ್ ನೀರಿಗೆ ಬಿಡುವುದಿಲ್ಲ.

ದಾರಂದಕ್ಕೆ ಪಾಲಿಶ್ ಬಳಿದದ್ದು ಬುಧವಾರ ಬೆಳಿಗ್ಗೆ. ಆಮೇಲೆ ಎಲ್ಲರ ಎದುರು ಸುಭಾಷಿಣಿ ಹಾಲ್ ದಾಟಿ ಒಳಗೆ ಕಾಲಿಟ್ಟಿರಲಿಲ್ಲ.

ಎದುರಿನ ಗೋಡೆಯಲ್ಲಿ ಪ್ರಣೀತಾಳ ಪಟ. ರಾಯರು ಅದನ್ನು ನೋಡದಿರಲು ಯತ್ನಿಸಿ ಸೋತರು.

ಮಗಳಿಗೆ ಚಿಕ್ಕಂದಿನಿಂದ ಉಬ್ಬಸ. ನಾಲ್ಕು ವರ್ಷದ ಹಿಂದೆ ಮುಂಬಯಿಯಲ್ಲಿ ಹೊಸ ಫ್ಲ್ಯಾಟು ಹೊಕ್ಕಳು. ಮುಹೂರ್ತ ಇಟ್ಟುಕೊಟ್ಟವರು ರಾಯರೇ. ಪೈಂಟು ಮುಗಿದು ನಾಲ್ಕೇ ದಿನ. "ಅಪ್ಪ, ವಾಸನೆ ತಡೆಯಲಿಕ್ಕಾಗುವುದಿಲ್ಲ" ಎಂದು ಫೋನ್ ಮಾಡಿದ್ದಳು. "ಎರಡು ದಿನ ಕಿಟಕಿ ತೆರೆದಿಡು ಮಗಾ, ಹೋಗ್ತದೆ" ಎಂದಿದ್ದರು. ಒಂಬತ್ತನೆಯ ದಿನ ಉಬ್ಬಸ ಏರಿ ಹೋಗಿಬಿಟ್ಟಳು. ವಾಸನೆಯಿಂದ ಎಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಕೇಳುವ ಧೈರ್ಯ ಇವರಿಗೂ ಬರಲಿಲ್ಲ.

ಹಿತ್ತಿಲಿನಿಂದ ಸುಭಾಷಿಣಿ ಕೇಳಿದರು. "ಊಟ ಹಾಕಲಾ?"

"ಬೇಡ. ನನಗೆ ಕಾರ್ಕಳಕ್ಕೆ ಹೋಗಲಿಕ್ಕುಂಟು."

ಹಿತ್ತಿಲಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ, "ಕೊಡೆ ತಗೊಂಡು ಹೋಗಿ" ಎಂದರು.

* * *

ಸಾಲಿಗ್ರಾಮವನ್ನು ಒಂದು ದಿನವೂ ಪೂಜೆಯಿಲ್ಲದೆ ಇಡುವಂತಿಲ್ಲ. ಅವರಂಥ ಮನೆತನಗಳಲ್ಲಿ ಹೆಂಗಸರು ಅದನ್ನು ಮುಟ್ಟುವ ವಾಡಿಕೆಯೂ ಇಲ್ಲ. ಆದ್ದರಿಂದಲೇ ಪೆಟ್ಟಿಗೆಯೊಂದಿಗೆ, ಸೆರಗಿನಲ್ಲಿ ಸುತ್ತಿ ಒಯ್ದದ್ದು. ಒಯ್ದವರು ಅದನ್ನು ಪೂಜೆ ನಡೆಯುವ ಕಡೆಗೇ ಮುಟ್ಟಿಸಬೇಕು. ಮನೆಯಲ್ಲಿ ಸೂತಕ ಬಂದಾಗ ಹಾಗೆ ಬೇರೆ ಮನೆಯಲ್ಲಿ ಇಟ್ಟು ಬರುವುದುಂಟು. ಸುಭಾಷಿಣಿಯ ದೊಡ್ಡಪ್ಪನ ಮಗ ಗುರುರಾಜ ತಂತ್ರಿ ಕಾರ್ಕಳದಲ್ಲಿದ್ದರು.

ತಂತ್ರಿಗಳ ದೇವರ ಮಂಟಪದ ಪಕ್ಕದಲ್ಲಿ ಪೆಟ್ಟಿಗೆ ಇತ್ತು. ಮೇಲೆ ಆ ದಿನದ ತುಳಸಿ.

"ನಿನ್ನೆ ಮೂರೂವರೆಗೆ ತಂದಳು ಭಾವ. ಕೂರಲೂ ಇಲ್ಲ, ನೀರೂ ಕುಡಿಯಲಿಲ್ಲ. ಮನೆಯಲ್ಲಿ ಸೂತಕ, ಹತ್ತು ದಿನ ಪೂಜೆ ಮಾಡಿ ಕೊಡು ಅಂದಳು."

"ಯಾರು ಹೋದದ್ದೆಂದು ಕೇಳಲಿಲ್ಲವಾ?"

"ಕೇಳಿದೆ." ತಂತ್ರಿಗಳು ಪಂಚೆಯ ಅಂಚನ್ನು ತಿರುವಿದರು. "ಪ್ರಣೀತಾ ಅಂದಳು. ನಾಲ್ಕು ವರ್ಷ ಆಯಿತಲ್ಲ ಭಾವ? ಪೆಟ್ಟಿಗೆ ಇಟ್ಟುಕೊಂಡೆ."

* * *

ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಫ್ಲ್ಯಾಟಿನಲ್ಲಿ ಸೇರಿದರು. ಚಿನ್ಮಯ, ಅನ್ವಿತಾ, ಪ್ರಖ್ಯಾತ್, ಸ್ಟ್ಯಾನಿಸ್ಲಾಸ್, ಸುಭಾಷಿಣಿ. ಕೊನೆಗೆ ರಾಯರು ಬಂದರು. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟರು.

"ಎಲ್ಲಿ ಸಿಕ್ಕಿತು ಅಪ್ಪ?"

"ಹೇಳ್ತೇನೆ." ಅವರು ಯಾರ ಮುಖವನ್ನೂ ನೋಡಲಿಲ್ಲ. "ಬೆಳ್ಳಿ ಬಿಟ್ಟು ಇದನ್ನು ಒಯ್ದವರಿಗೆ ಬೇಕಾದದ್ದು ದೇವರು, ಪೆಟ್ಟಿಗೆಯಲ್ಲ. ಸ್ಟ್ಯಾನಿ ದೇವರ ಕೋಣೆಯಲ್ಲಿ ನೀರುಳ್ಳಿ ಇಟ್ಟ. ಅವನು ಹೋದ ಮೇಲೆ ಬಂದವರು ಅದನ್ನು ತೆಗೆದು ನೆಲ ಒರೆಸಿದರು. ಅದು ನಮ್ಮವರು ಮಾತ್ರ ಮಾಡುವ ಕೆಲಸ. ಹೊರಗೆ ಬರುವಾಗ ಹಸಿ ಪಾಲಿಶ್ ಸೆರಗಿಗೆ ತಾಗಿತು. ಮಠಕ್ಕೆ ಹೋದ ಸೀರೆಯಲ್ಲಿ ಗಂಧ ಇರಬೇಕು, ಪಾಲಿಶಿನ ಟರ್ಪೆಂಟೈನ್ ಅಲ್ಲ. ಪೆಟ್ಟಿಗೆ ಕಾರ್ಕಳದಲ್ಲಿ, ತಂತ್ರಿ ಭಾವನ ಮನೆಯಲ್ಲಿ ಪೂಜೆ ತೆಗೆದುಕೊಳ್ತಾ ಇತ್ತು."

ಚಿನ್ಮಯ ತಾಯಿಯ ಕಡೆ ತಿರುಗಿದ. ಸುಭಾಷಿಣಿ ಹೊಸ ಕುರ್ಚಿಯಲ್ಲಿ ಕೂತರು. ಕುರ್ಚಿಯ ಪ್ಲಾಸ್ಟಿಕ್ ಹೊದಿಕೆ ಚರಪರ ಎಂದಿತು.

"ನಾನೇ" ಎಂದರು. "ತಿಂಗಳಿಂದ ಹೇಳಿದೆ. ಈ ವಾಸನೆಯಲ್ಲಿ ಬಸುರಿಯನ್ನು ಮಲಗಿಸುವುದು ಬೇಡ ಅಂತ. ನೀನು ಮುಹೂರ್ತ ಅಂದೆ. ಇವರು ಎರಡು ದಿನ ಅಂದರು. ಆ ಎರಡು ದಿನದ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಮನೆದೇವರಿಲ್ಲದೆ ನೀವು ಪ್ರವೇಶ ಮಾಡುವುದಿಲ್ಲ ಅಂತ ಗೊತ್ತಿತ್ತು. ನನ್ನ ಕೈಯಲ್ಲಿ ಇದ್ದದ್ದು ಅದೊಂದೇ."

ಪ್ರಖ್ಯಾತ್ ಮೆಲ್ಲನೆ ಕೇಳಿದ. "ಬುಧವಾರ ಇವನನ್ನು ಕರೆದುಕೊಂಡು ಹೋಗುವಾಗ ಹೇಳಬಹುದಿತ್ತಲ್ಲ ಅಮ್ಮ?"

"ಹೇಳಿದ್ದರೆ ಗುರುವಾರ ಬೆಳಿಗ್ಗೆ ಪ್ರವೇಶ ಆಗಿಬಿಡುತ್ತಿತ್ತು. ಮುಹೂರ್ತ ಕಳೆಯಲಿ ಅಂತ ಕಾದೆ. ಕಳೆದ ಮೇಲೆ ನಾಲಿಗೆ ಏಳಲಿಲ್ಲ." ಅವರು ಸ್ಟ್ಯಾನಿಸ್ಲಾಸನನ್ನು ನೋಡಿದರು. "ನಿಮ್ಮನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ತಪ್ಪು."

ರಾಯರು ಹೆಂಡತಿಯ ಪಕ್ಕದಲ್ಲಿ ನಿಂತರು. "ಇವಳದ್ದು ಮಾತ್ರ ಅಲ್ಲ. ಹೇಳಿದ್ದನ್ನು ಕೇಳದವನು ನಾನು. ಎರಡು ಸಲ."

ಅನ್ವಿತಾ ಎದ್ದು ಹೋಗಿ ಹಾಲಿನ ಕಿಟಕಿಯನ್ನು ಪೂರ್ತಿ ತೆರೆದಳು. ಮಳೆ ಒಳಗೆ ಸಿಡಿಯಿತು. "ಹೆರಿಗೆ ಆಗಿ ಮಗು ದೊಡ್ಡದಾಗಲಿ" ಎಂದಳು. "ಆಮೇಲೆ ಬರುವಾ."

ಚಿನ್ಮಯ ದೂರು ಹಿಂತೆಗೆದುಕೊಳ್ಳುತ್ತೇನೆಂದ. ಆದಿ ಉಡುಪಿಗೂ ಕಟಪಾಡಿಗೂ ತಾನೇ ಹೋಗಿ ವಿಷಯ ಹೇಳುವುದಾಗಿ ಪ್ರಖ್ಯಾತ್ ಒಪ್ಪಿಕೊಂಡ.

ಸುಭಾಷಿಣಿ ಸೊಂಟದಿಂದ ಮೂರನೆಯ ಕೀ ತೆಗೆದು ಚಾಚಿದರು. "ಇದು ನಿಮ್ಮ ಹತ್ತಿರ ಇರಲಿ. ಈ ದಾರಿಯಲ್ಲಿ ಬರುವಾಗೆಲ್ಲ ಕಿಟಕಿ ತೆರೆದು, ಫ್ಯಾನು ಹಾಕಿ ಗಾಳಿ ಆಡಿಸಿ."

ಸ್ಟ್ಯಾನಿಸ್ಲಾಸ್ ಕೈ ಚಾಚಲಿಲ್ಲ.

"ಇಲ್ಲಿ ಬೇಡ ಅಮ್ಮ. ಜೀಪು ಬಂದದ್ದು ನನ್ನ ಮನೆ ಬಾಗಿಲಿಗೆ. ನೆರೆಕರೆಯವರೆಲ್ಲ ನೋಡಿದ್ದಾರೆ. ಕೀಯೂ ಅಲ್ಲಿಗೇ ಬರಲಿ."

* * *

ಆದಿತ್ಯವಾರ ಪೂಜೆ ಮುಗಿಸಿ ಜನ ಇಗರ್ಜಿಯಿಂದ ಮರಳುವ ಹೊತ್ತು. ಕಲ್ಯಾಣಪುರದ ಆ ಓಣಿಯಲ್ಲಿ ಸುಭಾಷಿಣಿ ಆಟೋದಿಂದ ಇಳಿದರು. ರಾಯರು ಕೊಡೆ ಹಿಡಿದು ಹಿಂದೆ ನಿಂತರು. ದಾರಿಹೋಕರು ನಿಧಾನ ಮಾಡಿದರು. ಬೇಲಿಗಳ ಆಚೆ ತಲೆಗಳು ಕಂಡವು.

ಸುಭಾಷಿಣಿ ಗೇಟಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಮ್ಮ ಮನೆಯಲ್ಲಿ ಕಳವಾಗಲಿಲ್ಲ. ತಪ್ಪು ನನ್ನದು. ನಮ್ಮ ಮನೆಯ ಕೀ ನಿಮ್ಮ ಹತ್ತಿರ ಇರಬೇಕು."

ಸ್ಟ್ಯಾನಿಸ್ಲಾಸ್ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ. ಕಿಸೆಗೆ ಹಾಕಲಿಲ್ಲ. ಸ್ವಲ್ಪ ಹೊತ್ತು ಹಿಡಿದೇ ನಿಂತ.

ರೋಸಿ ಒಳಗೆ ಹೋಗಿ ಗೋಣಿಚೀಲವೊಂದನ್ನು ತಂದು ಸುಭಾಷಿಣಿಯ ಕಾಲ ಬುಡದಲ್ಲಿ ಇಟ್ಟಳು. ತೆಂಗಿನ ಗೆರಟೆ ಸುಟ್ಟ ಇದ್ದಿಲು.

"ನೀರುಳ್ಳಿಯಿಂದ ವಾಸನೆ ಮುಚ್ಚುವುದಷ್ಟೆ. ನಾನು ಇವರಿಗೆ ಎಷ್ಟೋ ಸಲ ಹೇಳಿದ್ದೇನೆ, ಕೇಳಬೇಕಲ್ಲ. ಕಪಾಟಿನ ಒಳಗೆ ಇದನ್ನು ಇಡಿ. ಬಿಸಿಲು ಬಂದಾಗ ಒಣಗಿಸಿ, ಮತ್ತೆ ಇಡಿ. ಇದು ಹೀರಿಕೊಳ್ತದೆ." ಚೀಲದ ಬಾಯಿ ಮಡಚಿ ಕೇಳಿದಳು. "ನಿಮ್ಮ ದೇವರಿಗೆ ಇದಾದರೂ ಆಗ್ತದಾ?"

"ಆಗ್ತದೆ" ಎಂದರು ಸುಭಾಷಿಣಿ. ಬಗ್ಗಿ ಚೀಲದ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿಗೆ ರಾಯರು ಕೈ ಹಾಕಿದರು.