ಎರಡು ನಿಮಿಷಕ್ಕೆ ಕೊಟ್ಟ ಕಿವಿ

ದೋಷದರ್ಶಿಯ ನೀಲಿ ಕಿರಣ ಹಳೆಯ ಕಂಪ್ಯೂಟರಿನ ಮೇಲೆ ಹಾಯಿತು. ದೋಷದರ್ಶಿಯ ಪರದೆಯಲ್ಲಿ ಅಕ್ಷರಗಳು ಮೂಡಿದವು: 'ಧ್ವನಿ ಚಿಪ್ ಮೌನವಾಗಿದೆ. ಕಾರಣ ಹುಡುಕುತ್ತಿದ್ದೇನೆ. ಕಾಯಿರಿ.'

ಅಜ್ಜಂದಿರ ಕಾಲದಲ್ಲಿ ಟೀವಿಗೆ ಸಿಕ್ಕಿಸಿ ಆಟವಾಡುತ್ತಿದ್ದ ಇಂಥ ಕಂಪ್ಯೂಟರುಗಳ ಕಾಯಿಲೆಯನ್ನು ಮುಚ್ಚಳ ಬಿಚ್ಚದೆಯೇ ಹೇಳುವ ಯಂತ್ರವದು. ಕಟ್ಟಿದವನು ವಿಜ್ಞಾನಿ ಮಾರ್ಕಂಡಯ್ಯ. ಕಾಯುವುದೊಂದು ಮಾತ್ರ ಆ ಪುಣ್ಯಾತ್ಮನ ಜಾತಕದಲ್ಲೇ ಇರಲಿಲ್ಲ. ನಾಳೆ ಪ್ರದರ್ಶನ, ಕಂಪ್ಯೂಟರು ಹಾಡಲೇಬೇಕು!

ಹಳೆಯ ಯಂತ್ರ ರಿಪೇರಿ ಮಾಡುವವರಿಗೆಲ್ಲ ಒಂದು ಚಾಳಿ. ಅನುಮಾನದ ಚಿಪ್ ಕಿತ್ತು, ಒಳ್ಳೆಯದೊಂದನ್ನು ಕೂರಿಸಿ ನೋಡುತ್ತಾರೆ. ಅಂಥ ಒಳ್ಳೆಯ ಧ್ವನಿ ಚಿಪ್ ಅವನಿಗೆ ಗೊತ್ತಿದ್ದದ್ದು ಒಂದೇ. ಅದು ಹೆಂಡತಿ ಕಾತ್ಯಾಯಿನಿಯ ಕೊರಳಲ್ಲಿತ್ತು. ಕಿವಿ ಕೇಳದ ಅವಳಿಗೆ ಮದುವೆಯ ಹೊಸದರಲ್ಲಿ ಅವನೇ ಮಾಡಿಕೊಟ್ಟ ಶ್ರವಣಪೆಟ್ಟಿಗೆ ಅದರಿಂದಲೇ ನಡೆಯುತ್ತಿತ್ತು.

"ಎರಡೇ ನಿಮಿಷ ಕೊಡೇ."

"ರೀ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಅಂಥದ್ದು ಇನ್ನೆಲ್ಲಿ ಸಿಗುತ್ತೆ?"

"ನನ್ನ ಕೈ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಇತ್ತು, ಪಾಪ. ಪೆಟ್ಟಿಗೆ ಬಿಚ್ಚಿಕೊಟ್ಟಳು. ಅವನು ಚಿಪ್ ಎಳೆದೊಡನೆ ಅವಳ ಪಾಲಿಗೆ ಫ್ಯಾನಿನ ಸದ್ದು, ಬೀದಿಯ ಸದ್ದು, ಎಲ್ಲ ನಿಂತುಹೋಯಿತು.

ಮಾರ್ಕಂಡಯ್ಯ ಸ್ವಿಚ್ ಒತ್ತಿದ. ಸುಟ್ಟ ವಾಸನೆ ಬಂತು. ಆಗ, ಆಗಲೇ, ದೋಷದರ್ಶಿ ತನ್ನ ಹುಡುಕಾಟ ಮುಗಿಸಿತು: 'ದೋಷ ಅಡಾಪ್ಟರಿನದು. ವೋಲ್ಟೇಜ್ ವಿಪರೀತ. ಈಗ ಹಾಕಿದ ಚಿಪ್ ಸುಟ್ಟಿದೆ. ಮೊದಲಿನದು ಸರಿ ಇದೆ. ಅದರ ಕಾಲುಗಳಿಗೆ ಕಿಲುಬು ಹಿಡಿದು ವಿದ್ಯುತ್ ತಾಗಿರಲಿಲ್ಲ, ಅದಕ್ಕೇ ಉಳಿದಿದೆ.'

ಕಾತ್ಯಾಯಿನಿ ಬಗ್ಗಿ ಒಂದೊಂದೇ ಸಾಲು ಓದಿದಳು. ಕೊನೆಯ ಸಾಲಿಗೆ ಹೋದ ಜೀವ ಬಂತು. ಸದ್ಯ, ಒಂದಾದರೂ ಉಳಿಯಿತಲ್ಲ! ಖಾಲಿ ಪೆಟ್ಟಿಗೆಯನ್ನು ಗಂಡನ ಮುಂದೆ ಹಿಡಿದಳು.

"ಇದಕ್ಕೆ ಹಾಕ್ರೀ," ಎಂದಳು. ತಾನು ಕಿರುಚುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ.

ಅವನು ಚಿಪ್ಪಿನ ಕಾಲುಗಳನ್ನು ಒಂದೊಂದಾಗಿ ಉಜ್ಜಿ ಹೊಳಪು ಬರಿಸಿದ. ಅಡಾಪ್ಟರ್ ಬದಲಿಸಿದ. ಹೆಂಡತಿಯ ಮುಖ ನೋಡಿದ, ಪೆಟ್ಟಿಗೆ ನೋಡಿದ. ಆಮೇಲೆ ಚಿಪ್ಪನ್ನು ಕಂಪ್ಯೂಟರಿನೊಳಗೆ ಒತ್ತಿ ಕೂರಿಸಿಬಿಟ್ಟ.

ಅವಳು ಅವನ ತೋಳು ಹಿಡಿದು ಜಗ್ಗಿದಳು. ಅವನು ಕೊಸರಿಕೊಂಡು ದೋಷದರ್ಶಿಯ ಪರದೆಯ ಮೇಲೆ ಬರೆದ: 'ಪ್ರದರ್ಶನ ಮುಗೀಲಿ, ನೋಡೋಣ.'

ಸ್ವಿಚ್ ಒತ್ತಿದ. ಕಂಪ್ಯೂಟರಿನ ಕೆಂಪು ದೀಪ ಹೊತ್ತಿತು. ಮಾರ್ಕಂಡಯ್ಯ ಕಣ್ಣು ಮುಚ್ಚಿ ತಲೆದೂಗಿದ, ಕೆನ್ನೆಯ ಮೇಲೆ ನೀರು ಇಳಿಯಿತು. ಇಂಥ ಸುಖವನ್ನು ಅವನ ಮುಖದಲ್ಲಿ ಅವಳು ಎಂದೂ ಕಂಡಿರಲಿಲ್ಲ.

ಬಳಿಕ ಅವನು ನಗುತ್ತ ಅವಳತ್ತ ತಿರುಗಿ ಮತ್ತೆ ಬರೆದ:

'ನಿನಗಿಷ್ಟ ಅಂತ ಆ ಲಾಲಿಹಾಡನ್ನೇ ಹಾಕಿದ್ದೇನೆ. ಹೇಗಿದೆ?'