ಒಬ್ಬ ಓದುಗನ ದೂರು

ಹನ್ನೊಂದು ವರ್ಷ ಗ್ರಂಥಾಲಯದ ಧೂಳು ಕುಡಿದವಳು ಅವಳು. ಮುಖ್ಯಸ್ಥೆಯ ಕುರ್ಚಿ ಸಿಕ್ಕಿದ್ದು ಮೊನ್ನೆ ಮೊನ್ನೆ ಬಂದ ಹೊಸಬಳಿಗೆ. ಅದೂ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಇವಳ ಸ್ವಂತ ದೊಡ್ಡಪ್ಪನಾಗಿದ್ದೂ!

"ನಮ್ಮನೆ ಹುಡುಗಿ ಅಂತ ನಿಂಗೇ ಕೊಟ್ರೆ ಜನ ಉಗೀತಾರಮ್ಮ," ಎಂದಿದ್ದರು ಅವರು. "ನಿಜ ಹೇಳ್ಬೇಕಂದ್ರೆ, ಅವಳು ನಿನಗಿಂತ ಚೆನ್ನಾಗೇ ಮಾಡ್ತಾಳೆ."

ಆ ಎರಡನೆಯ ಮಾತು ಮುಳ್ಳಾಗಿ ಉಳಿಯಿತು.

ಸೋಮವಾರದ ಸಭೆಯಲ್ಲಿ ನೇಮಕ ಖಾಯಂ ಆಗುವ ಮೊದಲೇ ಸಮಿತಿಯ ಐವರಿಗೂ ಒಂದು ಸುಳ್ಳು ದೂರಿನ ಇಮೇಲ್ ತಲುಪಬೇಕೆಂದು ಅವಳು ಲೆಕ್ಕ ಹಾಕಿದಳು: ಹೊಸಬಳು ಹಳೆಯ ಪುಸ್ತಕಗಳ ಚಿತ್ರಪುಟ ಕತ್ತರಿಸಿ ಮಾರುತ್ತಾಳೆ. ಬರೆದವನು 'ಒಬ್ಬ ಓದುಗ'. ಓದುಗರು ದೂರು ಬರೆಯಲು ಗ್ರಂಥಾಲಯದ ವೆಬ್‌ಸೈಟಿನಲ್ಲಿ ಒಂದು ಪುಟವಿತ್ತು. ಆ ದೂರುಗಳನ್ನು ಇಮೇಲ್ ಆಗಿ ಕಚೇರಿಗೆ ಕಳಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಅದರಲ್ಲಿ ಪತ್ರ ಪಡೆಯುವವರ ಸಾಲೊಂದನ್ನು ಒಮ್ಮೆ ಬದಲಿಸಿದರೆ ಸಾಕಿತ್ತು.

ಬರಿಯ ವಿಳಾಸ ಕೊಟ್ಟರೆ ಪತ್ರ ಇಮೇಲಿನ ಕಸದ ಪೆಟ್ಟಿಗೆಗೆ ಬಿದ್ದೀತೆಂದು ಕ್ರಮವಾಗಿ ಜೋಡಿಸಿದಳು. ಮೊದಲು ಹೆಸರು, ಆಮೇಲೆ ಚೂಪು ಕಂಸದೊಳಗೆ ವಿಳಾಸ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಅಲ್ಪವಿರಾಮ. ಕೈಯಲ್ಲಿ ಟೈಪಿಸಿದರೆ ಅಕ್ಷರ ತಪ್ಪೀತು. ಐದನ್ನೂ ತನ್ನ ಫೋನಿನ ವಿಳಾಸಪಟ್ಟಿಯಿಂದ ಇದ್ದ ಹಾಗೆಯೇ ನಕಲಿಸಿದಳು. ಕಳಿಸಿದವರ ಜಾಗದಲ್ಲಿ ತನ್ನ ಸುಳಿವಿಲ್ಲವೆಂದು ಮೂರು ಸಲ ತನಗೆ ತಾನೇ ಕಳಿಸಿ ನೋಡಿಕೊಂಡಳು.

"ಅಕ್ಕ, ಪಾಪುಗೆ ಜ್ವರ ಬಿಡ್ತಾ?" ಹೊಸಬಳು ಬಾಗಿಲಲ್ಲಿ ನಿಂತಿದ್ದಳು. "ನೀವು ಹೊರಡಿ. ಕೌಂಟರ್ ನಾನ್ ನೋಡ್ಕೋತೀನಿ."

"ನಿಂಗ್ಯಾಕೆ ತೊಂದ್ರೆ?"

"ಅಯ್ಯೋ, ಅಕ್ಕ ಅಂದ್ಮೇಲೆ ಅದೇನ್ ತೊಂದ್ರೆ!"

ಹೊಸಬಳು ಕೌಂಟರಿಗೆ ಹೋದಮೇಲೆ ಇವಳು ಕಳಿಸುವ ಗುಂಡಿ ಒತ್ತಿ, ಸಾಲನ್ನು ಮೊದಲಿನಂತೆ ಮಾಡಿ, ಚೀಲ ಎತ್ತಿಕೊಂಡು ಹೊರಟಳು. ಮನೆಯಲ್ಲಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವಾಗ, ಒತ್ತಿದ್ದು ಇದೇ ಬೆರಳಲ್ಲವೇ ಎನಿಸಿ ಕೈ ಹಿಂದೆಗೆದಳು. ಆದರೂ ಹೇಳಿಬಿಡುವ ಧೈರ್ಯ ಬರಲಿಲ್ಲ.

ಸೋಮವಾರ ಸಭೆಗೆ ಕರೆ ಬಂತು. ಮೂಲೆಯಲ್ಲಿ ಹೊಸಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ಯಾರು ಹೀಗೆ ಬರೆದರೋ, ಪಾಪ," ಎಂದಳು ಇವಳು. ಆ 'ಪಾಪ' ಮಾತ್ರ ನಿಜಕ್ಕೂ ಒಳಗಿನಿಂದ ಬಂದಿತ್ತು.

ಅಧ್ಯಕ್ಷರು ತಲೆ ಎತ್ತಲಿಲ್ಲ. ಸಮಿತಿಯ ಸದಸ್ಯರಾದ ವೈದ್ಯರೊಬ್ಬರು ಪತ್ರದ ಪ್ರತಿಯನ್ನು ಅವಳತ್ತ ಸರಿಸಿ, ಪಡೆದವರ ಸಾಲಿನ ಮೇಲೆ ಬೆರಳಿಟ್ಟರು. ನಾಲ್ವರ ಪೂರ್ಣ ಹೆಸರು, ನಾಲ್ವರ ವಿಳಾಸ. ಐದನೆಯದು ಅಧ್ಯಕ್ಷರ ವಿಳಾಸ. ಅದಕ್ಕೆ ಮೊದಲು ಹೆಸರಿನ ಜಾಗದಲ್ಲಿ, ಅವಳ ಫೋನಿನಲ್ಲಿ ಇದ್ದಂತೆಯೇ, 'ನಮ್ಮ ದೊಡ್ಡಪ್ಪ' ಎಂದಿತ್ತು.