ಮಾತಿನ ಕೊಳದ ಮೂಕಬೂದಿ

ಬಹಳ ಹಿಂದೆ, ಯಾವ ದಿಕ್ಕಿಗೆ ನಡೆದರೂ ಸಿಗದಂಥ ಒಂದು ರಾಜ್ಯದಲ್ಲಿ ಮಾತಿನ ಕೊಳವಿತ್ತು. ಅದರ ದಡದಲ್ಲಿ ನಿಂತು ಪಿಸುಗುಟ್ಟಿದರೂ ಸಾಕು, ರಾಜ್ಯದ ಮನೆಮನೆಯ ನೀರಿನ ಕೊಡದಲ್ಲೂ ಆ ಮಾತು ಕೇಳಿಸುತ್ತಿತ್ತು. ಕೊಳ ಧೂಮಗುಪ್ತನೆಂಬ ಮಾಯಾವಿ ವರ್ತಕನದು. ಯಾರು ಬೇಕಾದರೂ ಬಂದು ಮಾತಾಡಬಹುದಿತ್ತು. ಜನ ಸೇರಿದಲ್ಲಿ ಅವನ ಆಳುಗಳು ತಾಯಿತ ಮಾರಿಕೊಳ್ಳುತ್ತಿದ್ದರು, ಅಷ್ಟೆ.

ಕೊಳದ ಕಾವಲಿಗೆ ಅವನು ಊರಿನವರನ್ನೇ ಇಟ್ಟಿದ್ದ. ಅವರಲ್ಲಿ ಬೆಳ್ಳಕ್ಕನೂ ಒಬ್ಬಳು. ಸಂಬಳವಿಲ್ಲ, ಬರೀ ಗೌರವ. ಜೊತೆಗೆ ದಿನವಿಡೀ ಜನರ ಬೈಗುಳ. ಯಾರ ಕಡೆಗೆ ಹೆಚ್ಚು ಜನ ಬೆರಳು ತೋರಿಸುತ್ತಾರೋ ಅವರನ್ನು ತಾಮ್ರದ ಹದ್ದೊಂದು ಹಿಡಿದು ತಂದು ಅವಳ ಮುಂದೆ ಹಾಕುತ್ತಿತ್ತು. ಅವಳು ‘ಇದು ನ್ಯಾಯ’ ಎಂದು ಒಂದು ಚಿಟಿಕೆ ಮೂಕಬೂದಿ ಎರಚಿದರೆ ಮುಗಿಯಿತು, ಊರು ಅವಳ ಮಾತನ್ನು ನಂಬುತ್ತಿತ್ತು, ಅವರ ದನಿ ಹೋಗುತ್ತಿತ್ತು. ಹೊಸತರಲ್ಲಿ ಬೆಳ್ಳಕ್ಕ ಎಲ್ಲರ ಅಹವಾಲನ್ನೂ ಕೇಳುತ್ತಿದ್ದಳು. ಬರಬರುತ್ತಾ, ಪಾಪ, ಅವಳಿಗೂ ಸಾಕಾಗಿಹೋಯಿತು.

ಮೊದಲು ಹದ್ದು, ಹೆಂಗಸರನ್ನು ಹೀನಾಯವಾಗಿ ಬೈಯುವ ಮಾರಯ್ಯನನ್ನು ತಂದಿತು. ‘ಇದು ನ್ಯಾಯ’ ಎಂದಳು; ನ್ಯಾಯವೇ ಆಗಿತ್ತು. ಆಮೇಲೆ ಒಬ್ಬ ಹಾಡುಗಾರನನ್ನು ತಂದಿತು. ಬೆರಳು ತೋರಿಸಿದವರೆಲ್ಲ ಅವನ ಎದುರಾಳಿಯ ನೆಂಟರು. ವಿಚಾರಿಸುವಷ್ಟು ತ್ರಾಣ ಯಾರಿಗಿತ್ತು? ‘ಇದು ನ್ಯಾಯ’ ಎಂದಳು. ಮೂರನೆಯ ಸಲ ಸೂಲಗಿತ್ತಿ ಹೊನ್ನಜ್ಜಿಯನ್ನು ತಂದಿತು. ತಾಯಿತದಿಂದ ಜ್ವರ ಬಿಡುವುದಿಲ್ಲ, ಮಕ್ಕಳಿಗೆ ನೀರು ಕುದಿಸಿ ಕುಡಿಸಿ ಎಂದು ಅಜ್ಜಿ ದಡದಲ್ಲಿ ಹೇಳಿದ್ದಳು. ತಾಯಿತ ಮಾರುವವರೆಲ್ಲ ಒಟ್ಟಾಗಿ ಬೆರಳು ತೋರಿಸಿದ್ದರು. ಬೆಳ್ಳಕ್ಕ ತಲೆ ಎತ್ತದೆ, ‘ಇದು ನ್ಯಾಯ’ ಎಂದು ಬೂದಿ ಎರಚಿದಳು.

ಸ್ವಲ್ಪ ದಿನಕ್ಕೆಲ್ಲ ಕೇರಿಕೇರಿಯಲ್ಲೂ ಮಕ್ಕಳು ಜ್ವರ ಬಂದು ಮಲಗಿದವು. ಹೊನ್ನಜ್ಜಿ ಬಾಗಿಲು ಬಾಗಿಲಿಗೆ ಹೋಗಿ ಕೈಸನ್ನೆ ಮಾಡಿದರೆ, ಬೂದಿ ಬಿದ್ದವಳೆಂದು ಜನ ಬಾಗಿಲು ಹಾಕಿಕೊಂಡರು. ಅದನ್ನು ಕಂಡ ಬೆಳ್ಳಕ್ಕ ಧೂಮಗುಪ್ತನ ಬಳಿಗೆ ಓಡಿದಳು. ಅಜ್ಜಿಯ ದನಿ ವಾಪಸು ಕೊಡಿ ಎಂದು ಬೇಡಿಕೊಂಡಳು.

“ಕೊಡೋಣವಂತೆ,” ಎಂದ ಅವನು ನಯವಾಗಿ. “ಅವಳೇ ದಡಕ್ಕೆ ಬಂದು ಬಾಯಿಬಿಟ್ಟು ಕೇಳಿಕೊಳ್ಳಲಿ. ನಿಯಮ ಎಲ್ಲರಿಗೂ ಒಂದೇ.”

“ದನಿ ಇಲ್ಲದವಳು ಹೇಗೆ ಕೇಳಿಕೊಳ್ತಾಳೆ, ಸ್ವಾಮಿ?”

“ನಿನಗೆ ದಣಿವಾಗಿದೆ, ಬೆಳ್ಳಕ್ಕ. ಇನ್ನೊಂದು ಹದ್ದು ಕೊಡ್ತೀನಿ, ಹೋಗು.”

ಅಳುವುದಕ್ಕೂ ಬೇಸರವಾಗುವಷ್ಟು ದಣಿದು ಅವಳು ದಡದಲ್ಲಿ ಕೂತಳು. ಹದ್ದು ಅವನದು, ಬೂದಿ ಅವನದು. ಆದರೆ ‘ಇದು ನ್ಯಾಯ’ ಎಂಬ ಮಾತನ್ನು ಅವನು ಒಮ್ಮೆಯಾದರೂ ತಾನೇ ಆಡಿದ್ದನೆ? ಅವನು ಆಡಿದರೆ ಯಾರೂ ನಂಬುತ್ತಿರಲಿಲ್ಲ. ಯಾರೂ ನಂಬದಿದ್ದರೆ ಬೂದಿ ಹಿಡಿಯುತ್ತಿರಲಿಲ್ಲ. ಬೆಳ್ಳಕ್ಕ ಎದ್ದು ನಿಂತಳು.

“ನಾನು ಏನೂ ಕೇಳದೇನೇ ನ್ಯಾಯ ಅಂದೆ. ಅದು ನ್ಯಾಯ ಅಲ್ಲ.”

ಮನೆಮನೆಯ ಕೊಡದಲ್ಲೂ ಆ ಮಾತು ಕೇಳಿಸಿತು. ಆಚೆ ದಡದ ಕಾವಲುಗಾರನೂ ಅದನ್ನೇ ಹೇಳಿದ, ಅವನ ಪಕ್ಕದವನೂ ಹೇಳಿದ. ಹದ್ದು ಕಳಚಿ ನೀರಿಗೆ ಬಿತ್ತು. ಧೂಮಗುಪ್ತ ಹೊಗೆಯಾಗಿ ಹೋದ. ಎಲ್ಲರ ದನಿಯೂ ಮರಳಿತು; ಮಾರಯ್ಯನದೂ ಮರಳಿತು, ಮರಳಿದ್ದೇ ತಡ ಬೆಳ್ಳಕ್ಕನನ್ನು ಬೈಯತೊಡಗಿದ. ಹೊನ್ನಜ್ಜಿ ಮಾತ್ರ ಯಾರ ಯಾರ ಮನೆಯಲ್ಲಿ ಮಕ್ಕಳು ಮಲಗಿವೆಯೆಂದು ವಿಚಾರಿಸಿ, ಮೊದಲು ನೀರು ಕಾಯಲಿಡಿ ಎಂದಳು.

ಜ್ವರ ಇಳಿಯಿತು. ಕೊಳ ಊರಿನದಾಯಿತು. ಕಾವಲು ಸರದಿಯ ಮೇಲೆ ನಡೆಯಿತು; ಮಾರಯ್ಯನ ಅಹವಾಲನ್ನೂ ಪೂರ್ತಿ ಕೇಳಿಯೇ ಅವನನ್ನು ಕೊಳದಿಂದ ದೂರವಿಟ್ಟರು. ಜನ ತಮ್ಮ ಜಗಳ, ನಗೆ, ಹಾಡುಗಳೊಂದಿಗೆ ಸುಖವಾಗಿದ್ದರು.

ಮಕ್ಕಳೆಲ್ಲ ಎದ್ದು ಓಡಾಡುವಂತಾದ ಮೇಲೆ ಹೊನ್ನಜ್ಜಿ ಬೆಳ್ಳಕ್ಕನ ಮನೆಗೆ ಬಂದಳು. ದನಿ ಹೋದಾಗ ತನಗೆ ಏನೇನಾಯಿತೆಂದು ಹೇಳತೊಡಗಿದಳು. ಬೆಳ್ಳಕ್ಕನ ಕಣ್ಣು ಎಳೆಯುತ್ತಿತ್ತು. ಆದರೂ ಎದುರಿಗೆ ಕೂತು, ಕೊನೆಯ ಮಾತಿನವರೆಗೂ ಕೇಳಿದಳು.